ಒಳಪರೀಕ್ಷೆ ಮಾಡುವಾಗ ಹೆಂಗಸರಿಗೆ ನೋವಾಗದಂತೆ ಸ್ಪೆಕ್ಯುಲಮ್ ಹಾಕುವುದು ಹೇಗೆ?

ಪಿಎಚ್‌ಸಿಯಲ್ಲಿ ಗರ್ಭಕೋಶದ ಬಾಯಿಯ ಕ್ಯಾನ್ಸರ್ ತಪಾಸಣೆಗೆ ಬಂದವರು ಹೆದರಿ ಮೈ ಬಿಗಿ ಹಿಡಿಯುತ್ತಾರೆ, ಅರ್ಧಕ್ಕೇ ಎದ್ದು ಹೋಗುತ್ತಾರೆ, ಏನು ಮಾಡಲಿ ಎಂದು ಕೇಳಿದ್ದೀರಿ. ನೋವು ಹೆಚ್ಚಾಗಿ ಆಗುವುದು ಎರಡು ಹೊತ್ತಿನಲ್ಲಿ: ಸ್ಪೆಕ್ಯುಲಮ್ (ಯೋನಿಯನ್ನು ಅಗಲಿಸಿ ಒಳಗೆ ನೋಡುವ ಸಾಧನ) ಒಳಗೆ ಹೋಗುವ ಮೊದಲ ಒಂದೆರಡು ಸೆಂಟಿಮೀಟರಿನಲ್ಲಿ, ಆಮೇಲೆ ಹೊರಗೆ ತೆಗೆಯುವಾಗ. ಎರಡಕ್ಕೂ ಕಾರಣ ಅವಸರ.

ಮೊದಲು ಮೂತ್ರಕ್ಕೆ ಹೋಗಿ ಬರಲು ಹೇಳಿ. ಸೀರೆ ಬಿಚ್ಚಿಸಬೇಡಿ, ಸೊಂಟದವರೆಗೆ ಎತ್ತಿಕೊಂಡರೆ ಸಾಕು. ಮೊಣಕಾಲಿನ ಮೇಲೆ ಬೆಡ್‌ಶೀಟ್ ಹೊದಿಸಿ. ತಲೆ ಕಡೆ ಸ್ವಲ್ಪ ಎತ್ತರಿಸಿದರೆ ನಿಮ್ಮ ಮುಖ ಅವರಿಗೆ ಕಾಣುತ್ತದೆ, ಹೊಟ್ಟೆಯೂ ಸಡಿಲವಾಗುತ್ತದೆ. ಪರೀಕ್ಷಿಸುವವರು ಗಂಡಸಾದರೆ ಪಕ್ಕದಲ್ಲಿ ಹೆಂಗಸೊಬ್ಬರು ಇರಲೇಬೇಕು.

ಹೆರಿಗೆಯಾಗದವರಿಗೆ, ಮುಟ್ಟು ನಿಂತವರಿಗೆ ಕಸ್ಕೋ ಸ್ಪೆಕ್ಯುಲಮ್‌ನ ಚಿಕ್ಕ ಸೈಜ್ ತೆಗೆದುಕೊಳ್ಳಿ. ಅದರಲ್ಲಿ ಕೊಕ್ಕಿನಂತೆ ತೆರೆದು ಮುಚ್ಚುವ ಎರಡು ಪಟ್ಟಿಗಳಿರುತ್ತವೆ, ಅವೇ ಬ್ಲೇಡ್. ಸ್ಟೀಲಿನದಾದರೆ ಬೆಚ್ಚನೆ ನೀರಿನಲ್ಲಿ ಅದ್ದಿ, ಒಳತೊಡೆಗೆ ಮುಟ್ಟಿಸಿ, 'ಇಷ್ಟು ಬಿಸಿ ಸರಿಯಾ ಅಮ್ಮ?' ಎಂದು ಕೇಳಿ. ನೀರಿನಲ್ಲಿ ಕರಗುವ ಜೆಲ್ಲನ್ನು ಬ್ಲೇಡಿನ ಹೊರಮೈಗೆ ತೆಳ್ಳಗೆ ಹಚ್ಚಿ. ತುದಿಗೆ ಬೇಡ, ಪ್ಯಾಪ್ ಸ್ಮಿಯರ್ (ಗರ್ಭಕೋಶದ ಬಾಯಿಯಿಂದ ಪರೀಕ್ಷೆಗೆ ತೆಗೆಯುವ ಜೀವಕೋಶಗಳ ಮಾದರಿ) ಕೆಡಬಹುದು.

ಈಗ ಮುಖ್ಯ ಕೆಲಸ. ಯೋನಿತುಟಿಗಳನ್ನು ಬಿಡಿಸಿ, ಕೂದಲು ಸಿಕ್ಕಿಕೊಳ್ಳದಂತೆ ನೋಡಿ. ಒಂದು ಬೆರಳಿನಿಂದ ಕೆಳಗಿನ ಅಂಚನ್ನು ಮೆಲ್ಲಗೆ ಕೆಳಕ್ಕೆ ಒತ್ತಿ ಹಿಡಿದು, ಸ್ನಾಯು ಸಡಿಲವಾಗುವವರೆಗೆ ಕಾಯಿರಿ. ಅದು ಬೆರಳಿಗೇ ತಿಳಿಯುತ್ತದೆ. ಆಮೇಲೆ ಬ್ಲೇಡ್ ಮುಚ್ಚಿಕೊಂಡೇ ಬೆನ್ನುಮೂಳೆಯ ಬುಡದ ಕಡೆಗೆ ಇಳಿಜಾರಾಗಿ ತಳ್ಳಿ. ನೇರ ತಳ್ಳಿದರೆ ಮೇಲ್ಗಡೆಯ ಮೂತ್ರನಾಳ ಮೂಳೆಗೆ ಒತ್ತಿಕೊಂಡು ಜೀವ ಹೋದಂತಾಗುತ್ತದೆ. ಪೂರ್ತಿ ಒಳಗೆ ಹೋದ ಮೇಲೆಯೇ ತೆರೆಯಿರಿ, ಗರ್ಭಕೋಶದ ಬಾಯಿ ಕಾಣುವಷ್ಟು ಮಾತ್ರ. ವಿಐಎ (ಅಸಿಟಿಕ್ ಆಮ್ಲ ಹಚ್ಚಿ ಗರ್ಭಕೋಶದ ಬಾಯಿಯನ್ನು ಬರಿಗಣ್ಣಿನಿಂದ ನೋಡುವ ತಪಾಸಣೆ) ಮಾಡುವುದಾದರೆ ಆಮ್ಲ ಹಚ್ಚುವ ಮೊದಲೇ 'ಸ್ವಲ್ಪ ಉರಿಯಬಹುದು, ಒಂದು ನಿಮಿಷ ಕಾಯಬೇಕು' ಎನ್ನಿ.

ತೆಗೆಯುವಾಗ ಬಹಳ ಮಂದಿ ಸ್ಕ್ರೂ ಬಿಚ್ಚಿ ಬ್ಲೇಡನ್ನು ತಟ್ಟನೆ ಮುಚ್ಚಿಬಿಡುತ್ತಾರೆ. ಗರ್ಭಕೋಶದ ಬಾಯಿ ನಡುವೆ ಸಿಕ್ಕಿ ಚಿವುಟಿದಂತಾಗುವುದು ಆಗಲೇ. ಸ್ವಲ್ಪ ತೆರೆದಿಟ್ಟುಕೊಂಡೇ ಹಿಂದಕ್ಕೆ ಎಳೆದು, ಅದನ್ನು ದಾಟಿದ ಮೇಲೆ ತಾನಾಗಿ ಮುಚ್ಚಿಕೊಳ್ಳಲು ಬಿಡಿ.

'ರಿಲ್ಯಾಕ್ಸ್ ಆಗಮ್ಮ' ಎಂದರೆ ಯಾರೂ ಸಡಿಲವಾಗುವುದಿಲ್ಲ. 'ಸೊಂಟದ ಭಾರ ಮಂಚಕ್ಕೆ ಬಿಡಿ, ಬಾಯಿಂದ ನಿಧಾನ ಉಸಿರು ಊದಿ' ಎಂದರೆ ಮಾಡುವುದಕ್ಕೆ ಒಂದು ಕೆಲಸ ಸಿಗುತ್ತದೆ. 'ಹೆತ್ತಿಲ್ವಾ, ಇದಕ್ಕೆ ಯಾಕೆ ಕೂಗ್ತೀಯ' ಎಂಬ ಮಾತು ಆ ಕೋಣೆಯಲ್ಲಿ ಯಾರ ಬಾಯಿಂದಲೂ ಬರಕೂಡದು. ಅದನ್ನು ಕೇಳಿದವರು ಮತ್ತೆ ತಪಾಸಣೆಗೆ ಬರುವುದಿಲ್ಲ. 'ಸಾಕು' ಎಂದರೆ ನಿಲ್ಲಿಸುತ್ತೇನೆ ಎಂದು ಮೊದಲೇ ಹೇಳಿ, ಹಾಗೆ ಅಂದಾಗ ನಿಜವಾಗಿಯೂ ನಿಲ್ಲಿಸಿ. ಕೆಲವರಿಗೆ ತಾವೇ ಒಳಗೆ ಹಾಕಿಕೊಳ್ಳುವುದು ಸುಲಭ, ಕೇಳಿ ನೋಡಿ.

ಮುಟ್ಟು ನಿಂತು ಒಳಗೆ ತೀರಾ ಒಣಗಿದ್ದರೆ ಬಲವಂತ ಬೇಡ. ವೈದ್ಯರಿಗೆ ತೋರಿಸಿ, ಅವರು ಈಸ್ಟ್ರೋಜನ್ ಕ್ರೀಮ್ ಬರೆದುಕೊಟ್ಟರೆ ಕೆಲವು ವಾರ ಹಚ್ಚಿಸಿ ಮತ್ತೆ ಕರೆಯಿರಿ.