ಸಂಪಾದಕರ ಉತ್ತರ: "ಅವಳು ನಮಗೇನಾಗಬೇಕು?"

ಇಂಗ್ಲೆಂಡಿನ ರೆಡಿಂಗ್‌ನಲ್ಲಿರೋ ಹಾಸನದ ಕಡೆಯ ಓದುಗರೊಬ್ಬರು ಬರೆದಿದಾರೆ, ಹೆಸರು ಹಾಕ್ಬೇಡಿ ಅಂದಿದಾರೆ, ಹಾಕಲ್ಲ. ಪತ್ರ ದೊಡ್ಡದು, ಮುಖ್ಯವಾದ್ದು ಇಷ್ಟು:

"39ನೇ ವಯಸ್ಸಿಗೆ ನನಗೆ ದೊಡ್ಡಕರುಳಿನ ಕ್ಯಾನ್ಸರ್ ಅಂತ ಗೊತ್ತಾಯ್ತು, ಮೂರನೇ ಸ್ಟೇಜು. ಆಪರೇಷನ್ ಆಯ್ತು, ಕೀಮೋ ಆಯ್ತು, ಈಗ ಸ್ಕ್ಯಾನ್ ಕ್ಲೀನ್. ಕೀಮೋ ಟೈಮಲ್ಲಿ ಫ್ರಿಜ್ಜಿಂದ ಹಾಲು ತೆಗೆಯೋಕೂ ಗ್ಲೌಸ್ ಹಾಕ್ಕೋಬೇಕಿತ್ತು, ತಣ್ಣಗಿರೋದು ಏನು ಮುಟ್ಟಿದ್ರೂ ಬೆರಳಿಗೆ ಸೂಜಿ ಚುಚ್ಚಿದಂಗೆ. ಆಗ ನಾನು ಓದ್ತಿದ್ದದ್ದು ಡೆಬೊರಾ ಜೇಮ್ಸ್ ಬರೀತಿದ್ದ ಅಂಕಣ. ಅವರು ತೀರಿಕೊಂಡಾಗ ಮೂರು ದಿನ ಊಟ ಸೇರ್ಲಿಲ್ಲ. 'ಅವಳು ನಮಗೇನಾಗಬೇಕು, ಒಂದು ಸಲಾನೂ ನೋಡಿಲ್ಲ' ಅಂತಾರೆ ಮನೆಯವರು. ಅತ್ತೆ ಫೋನಲ್ಲಿ, ಅಂಥದ್ದೆಲ್ಲ ಓದಬೇಡ, ಅಪಶಕುನ ಅಂದ್ರು. ಅವರು ಹೋದ್ರು ನಾನಿದೀನಿ ಅನ್ನೋದು ಯಾಕೋ ಕದ್ದಿಟ್ಕೊಂಡಂಗೆ ಅನ್ಸತ್ತೆ. ಊರಲ್ಲಿ ಅಮ್ಮನಿಗೆ, ತಮ್ಮನಿಗೆ ಅಲ್ಸರ್ ಆಪರೇಷನ್ ಅಂತಷ್ಟೇ ಹೇಳಿದೀನಿ. ನನ್ನ ಈ ದುಃಖಕ್ಕೆ ಏನಾದ್ರೂ ಅರ್ಥ ಇದೆಯಾ?"

ಇದೆಯಮ್ಮ. ನಿಮ್ಮ ಪತ್ರ ಎರಡು ಸಲ ಓದ್ದೆ, ಇದಕ್ಕೆ ಎರಡು ಸಾಲಿನ ಉತ್ತರ ಕೊಡೋಕೆ ಮನಸ್ಸು ಬರ್ಲಿಲ್ಲ.

ನಮ್ಮಲ್ಲಿ ಸೂತಕಕ್ಕೆ ಎಲ್ಲಾ ಲೆಕ್ಕ ಇದೆ, ದಾಯಾದಿ ಆದ್ರೆ ಇಷ್ಟು ದಿನ, ತಾಯಿ ಕಡೆಯವರಾದ್ರೆ ಇಷ್ಟು ಅಂತ. ಯಾರಾದ್ರೂ ಹೋದ್ರೆ ಆ ಮನೆಗೆ ಹೋಗಿ ಮಾತಾಡಿಸ್ಕೊಂಡು ಬರ್ತೀವಿ, ಜಗಲಿ ಮೇಲೆ ಸ್ವಲ್ಪ ಹೊತ್ತು ಸುಮ್ನೆ ಕೂತಾದ್ರೂ ಬರ್ತೀವಿ. ಆದ್ರೆ ಒಂದೇ ಕಾಯಿಲೆ ಇದ್ದೋರು, ಒಬ್ಬರ ಮುಖ ಒಬ್ಬರು ನೋಡದೇ ಇದ್ದೋರು, ಅವರಲ್ಲಿ ಒಬ್ಬರು ಹೋದ್ರೆ ಉಳಿದೋರು ಎಲ್ಲಿಗೆ ಹೋಗ್ಬೇಕು, ಯಾರನ್ನ ಮಾತಾಡಿಸ್ಬೇಕು ಅನ್ನೋದಕ್ಕೆ ನಮ್ಮ ಹಿರಿಯರು ಏನೂ ಹೇಳಿಟ್ಟಿಲ್ಲ. ಹೇಳಿಟ್ಟಿಲ್ಲ ಅಂದ ಮಾತ್ರಕ್ಕೆ ಆ ನಂಟೇ ಇಲ್ಲ ಅಂತಲ್ಲ. ಬೆರಳಿಗೆ ಸೂಜಿ ಚುಚ್ಚಿದಂಗಾಗೋದು ನಿಮ್ಮ ಯಜಮಾನ್ರಿಗೆ ಗೊತ್ತಿಲ್ಲ, ಅತ್ತೆಗೆ ಗೊತ್ತಿಲ್ಲ, ನಂಗೂ ಗೊತ್ತಿಲ್ಲ. ಆ ಹೆಣ್ಣುಮಗಳಿಗೆ ಗೊತ್ತಿತ್ತು. ಅವರು ನಿಮಗೇನಾಗಬೇಕು ಅಂತ ಕೇಳಿದ್ರೆ ಇದೇ ಉತ್ತರ.

ನಮ್ಮ ಬೇರೆ ಓದುಗರಿಗೆ ಡೆಬೊರಾ ಯಾರು ಅಂತ ಗೊತ್ತಿರ್ಲಿಕ್ಕಿಲ್ಲ, ಸ್ವಲ್ಪ ಹೇಳ್ತೀನಿ. ಶಾಲೆಯಲ್ಲಿ ಡೆಪ್ಯುಟಿ ಹೆಡ್ ಆಗಿದ್ದ ಟೀಚರ್, ಎರಡು ಮಕ್ಕಳ ತಾಯಿ, ಸಸ್ಯಾಹಾರಿ, ಓಡೋ ಅಭ್ಯಾಸ ಇದ್ದೋರು. 2016ರ ಡಿಸೆಂಬರಲ್ಲಿ, 35ನೇ ವಯಸ್ಸಿಗೆ, ಕರುಳಿನ ಕ್ಯಾನ್ಸರ್ ಅಂತ ಗೊತ್ತಾಯ್ತು, ಅಷ್ಟೊತ್ತಿಗೆ ತುಂಬಾ ಮುಂದುವರಿದಿತ್ತು. ಅಲ್ಲಿಂದ ಅವರು ದಿ ಸನ್ ಪತ್ರಿಕೆಗೆ ಅಂಕಣ ಬರೆದ್ರು, ಪುಸ್ತಕ ಬರೆದ್ರು, ರೇಡಿಯೋದಲ್ಲಿ ಮಾತಾಡಿದ್ರು, ಲಂಡನ್ನಿನ ರಾಯಲ್ ಮಾರ್ಸ್‌ಡೆನ್ ಆಸ್ಪತ್ರೆಯಲ್ಲಿ ಟ್ರೀಟ್‌ಮೆಂಟ್ ತಗೊಳ್ತಾ ಅಲ್ಲೇ ಡ್ಯಾನ್ಸ್ ಮಾಡಿದ್ರು. ಮಲದ ವಿಷಯ ಬಾಯಿ ಬಿಟ್ಟು ಮಾತಾಡಿ, ಟಾಯ್ಲೆಟ್ಟಿಗೆ ಹೋದಾಗ ತಿರುಗಿ ನೋಡಿ ಅಂತ ಇಡೀ ದೇಶಕ್ಕೆ ಹೇಳಿದ್ರು. 2022ರ ಮೇ ತಿಂಗಳಲ್ಲಿ, ಇನ್ನು ಟ್ರೀಟ್‌ಮೆಂಟ್ ಸಾಕು, ನನ್ನ ದೇಹಕ್ಕೆ ಇನ್ನು ಆಗಲ್ಲ ಅಂತ ತಿಳಿಸಿ ವೋಕಿಂಗ್‌ನಲ್ಲಿರೋ ಅಪ್ಪ ಅಮ್ಮನ ಮನೆಗೆ ಬಂದುಬಿಟ್ರು. ಎರಡೂವರೆ ಲಕ್ಷ ಪೌಂಡ್ ಸೇರಿಸೋಣ ಅಂತ ಒಂದು ನಿಧಿ ಶುರು ಮಾಡಿದ್ರೆ, ಜೂನ್ 28ಕ್ಕೆ ಅವರು ಹೋಗೋ ಹೊತ್ತಿಗೆ ಅದು ಅರವತ್ತೈದು ಲಕ್ಷ ಪೌಂಡ್ ದಾಟಿತ್ತು. ಅದಕ್ಕೆ ಮುಂಚೇನೇ ಪ್ರಿನ್ಸ್ ವಿಲಿಯಂ ಆ ಮನೆಗೇ ಬಂದು ಡೇಮ್ ಪದವಿ, ಅಂದ್ರೆ ಅಲ್ಲಿ ಹೆಂಗಸರಿಗೆ ಕೊಡೋ ದೊಡ್ಡ ಗೌರವ, ಕೊಟ್ಟು ಹೋಗಿದ್ರು. ತೀರಿಕೊಂಡಾಗ ಡೆಬೊರಾಗೆ 40.

ಆದ್ರೆ ನಿಮಗೆ ಹೇಳಬೇಕು ಅಂತಿರೋದು ಇದಲ್ಲ, ಇದೆಲ್ಲ ನಿಮಗೇ ಚೆನ್ನಾಗಿ ಗೊತ್ತು. ನಂಗೆ ನೆನಪಾಗಿದ್ದು 2018. ಆ ವರ್ಷ ಮಾರ್ಚಲ್ಲಿ ಬಿಬಿಸಿಯಲ್ಲಿ ಮೂರು ಜನ ಕ್ಯಾನ್ಸರ್ ಪೇಷಂಟ್‌ಗಳು ಮೈಕ್ ಮುಂದೆ ಕೂತು ಒಂದು ಪಾಡ್‌ಕಾಸ್ಟ್ ಶುರು ಮಾಡಿದ್ರು, ರೇಚಲ್ ಬ್ಲಾಂಡ್, ಲಾರೆನ್ ಮಾನ್, ಡೆಬೊರಾ. ರೇಚಲ್ ರೇಡಿಯೋದಲ್ಲಿ ವಾರ್ತೆ ಓದ್ತಿದ್ದೋರು, ಅವರಿಗೆ ಟ್ರಿಪಲ್ ನೆಗೆಟಿವ್ ಅನ್ನೋ ಸ್ತನ ಕ್ಯಾನ್ಸರ್, ಅಂದ್ರೆ ಹಾರ್ಮೋನ್ ಮಾತ್ರೆಗೂ ಬಗ್ಗಲ್ಲ, ಹರ್2 ಅನ್ನೋ ಪ್ರೋಟೀನನ್ನ ತಡೆಯೋ ಔಷಧಿಗೂ ಬಗ್ಗಲ್ಲ. ಕೂದಲು ಉದುರೋದು, ಮಕ್ಕಳಿಗೆ ಹೇಗೆ ಹೇಳೋದು, ದುಡ್ಡಿನ ಕಷ್ಟ, ಗಂಡ ಹೆಂಡತಿ ಸಂಬಂಧ ಏನಾಗತ್ತೆ, ಎಲ್ಲಾ ಮಾತಾಡಿದ್ರು, ನಗ್ತಾ ನಗ್ತಾನೇ ಮಾತಾಡಿದ್ರು. ಆರು ತಿಂಗಳಾಗಿತ್ತಷ್ಟೇ, ಸೆಪ್ಟೆಂಬರ್ 5ಕ್ಕೆ ರೇಚಲ್ ಹೋಗಿಬಿಟ್ರು. ಅವರಿಗೂ 40. ಮಗ ಮೂರರ ಆಸುಪಾಸಿನ ಕೂಸು.

ಈಗ ಯೋಚ್ನೆ ಮಾಡಿ, ನಿಮ್ಮ ಜಾಗದಲ್ಲಿ ಆವತ್ತು ಡೆಬೊರಾ ಇದ್ರು. ನೀವು ಅವರ ಅಂಕಣ ಓದಿ ಅತ್ತಿರಿ, ಅವರಂತೂ ಪಕ್ಕದ ಕುರ್ಚಿಯಲ್ಲೇ ಕೂತು ನಗ್ತಿದ್ದ ಗೆಳತಿಯನ್ನ ಕಳ್ಕೊಂಡ್ರು, ಅದೂ ತಮ್ಮ ಮೈಯೊಳಗೆ ಅದೇ ಕಾಯಿಲೆ ಓಡಾಡ್ತಾ ಇರುವಾಗ. ಇಂಥ ಸಾವಲ್ಲಿ ಎರಡು ಅಳು ಒಟ್ಟಿಗೇ ಬರತ್ತೆ, ಒಂದು ಹೋದವರಿಗಾಗಿ, ಇನ್ನೊಂದು ಮುಂದಿನ ಸರದಿ ನಂದೇನೋ ಅನ್ನೋ ಭಯದ್ದು. ಎರಡನೇದು ಇದೆ ಅಂತ ಮೊದಲನೇದು ಸುಳ್ಳಾಗಲ್ಲ. ನಿಮಗೆ ಕದ್ದಂಗೆ ಅನ್ಸೋದು ಈ ಎರಡನ್ನೂ ಬೇರೆ ಮಾಡೋಕಾಗದೆ ಅನ್ಕೊಂತೀನಿ. ಬೇರೆ ಮಾಡೋ ಅಗತ್ಯಾನೂ ಇಲ್ಲ. ಡೆಬೊರಾ ಮತ್ತೆ ಲಾರೆನ್ ಆ ಕಾರ್ಯಕ್ರಮ ನಿಲ್ಲಿಸ್ಲಿಲ್ಲ, ಮುಂದೆ ರೇಚಲ್ ಗಂಡ ಸ್ಟೀವ್ ಅವರೂ ಬಂದು ಜೊತೆ ಕೂತ್ರು. ಹೆಂಡತಿ ಕೂತಿದ್ದ ಕಡೆ ಬಂದು ಕೂತು ಅವಳ ಕಾಯಿಲೆ ಬಗ್ಗೇನೇ ಊರೆಲ್ಲ ಕೇಳೋ ಹಂಗೆ ಮಾತಾಡೋದು ಅಂದ್ರೆ ಸಾಮಾನ್ಯ ಅಲ್ಲ, ಆ ಮನುಷ್ಯನ ಬಗ್ಗೆ ನಂಗೆ ತುಂಬಾ ಗೌರವ.

ಇನ್ನು "ಅವರು ಹೋದ್ರು, ನಾನಿದೀನಿ" ಅನ್ನೋದು. ಇದರಲ್ಲಿ ಪುಣ್ಯದ ಲೆಕ್ಕ ಏನಿಲ್ಲ, ನಿಮ್ಮ ಪಾಲಿಗೆ ಬಂದಿದ್ದು ಅವರ ಪಾಲಿಂದ ಕಿತ್ಕೊಂಡದ್ದೂ ಅಲ್ಲ. ಡೆಬೊರಾ ಅವರ ಗೆಡ್ಡೆಯಲ್ಲಿ ಬಿರಾಫ್ ಅನ್ನೋ ಜೀನ್ ಬದಲಾಗಿತ್ತು. ಬೇರೆ ಕಡೆ ಹರಡಿದ ಕರುಳಿನ ಕ್ಯಾನ್ಸರಲ್ಲಿ ನೂರಕ್ಕೆ ಸುಮಾರು ಹತ್ತು ಜನಕ್ಕೆ ಇದು ಇರತ್ತೆ, ಇದ್ರೆ ಕಾಯಿಲೆ ತುಂಬಾ ಜೋರು, ಮಾಮೂಲಿ ಕೀಮೋಗೆ ಅಷ್ಟಾಗಿ ಬಗ್ಗಲ್ಲ. ಅಂಥದ್ರಲ್ಲೂ ಹೊಸ ಟಾರ್ಗೆಟೆಡ್ ಔಷಧಿ, ಮೇಲಿಂದ ಮೇಲೆ ಆಪರೇಷನ್ ಅಂತ 2021ರ ಡಿಸೆಂಬರಿಗೆ ಐದು ವರ್ಷ ದಾಟಿಸಿದ್ರು, ಅಷ್ಟು ದಿನ ಇರ್ತೀನಿ ಅಂತ ಅವರೇ ಅನ್ಕೊಂಡಿರ್ಲಿಲ್ಲ. ನಿಮ್ಮದು ಮೂರನೇ ಸ್ಟೇಜಲ್ಲೇ ಸಿಕ್ತು, ಲಿವರ್‌ಗೆ ಹೋಗೋಕೆ ಮುಂಚೆ ಕತ್ತರಿಸಿ ತೆಗೆದ್ರು. ವ್ಯತ್ಯಾಸ ಇರೋದು ಇಲ್ಲಿ.

ಅತ್ತೆಯವರ ಅಪಶಕುನದ ಮಾತಿಗೆ ಬೇಜಾರು ಮಾಡ್ಕೋಬೇಡಿ, ಅದು ಹೆದರಿಕೆಯ ಮಾತು. ಓದೋಕೆ ಕಷ್ಟ ಆಗೋ ದಿನ ಓದಬೇಡಿ, ಸ್ಕ್ಯಾನ್ ಹತ್ರ ಬಂದಾಗಂತೂ ಬೇಡವೇ ಬೇಡ, ಉಳಿದ ದಿನ ನಿಮ್ಮಿಷ್ಟ. ಒಂದು ಲೆಕ್ಕ ಬೇಕಾದ್ರೆ ಅವರಿಗೆ ಹೇಳಿ. ಡೆಬೊರಾ ಹೋದ ವರ್ಷ, 2022ರಲ್ಲಿ, ಮೇ ತಿಂಗಳಿಂದ ಜುಲೈವರೆಗೆ ಇಂಗ್ಲೆಂಡಲ್ಲಿ ಕರುಳಿನ ಕ್ಯಾನ್ಸರ್ ಇರಬಹುದಾ ಅಂತ ಪರೀಕ್ಷೆಗೆ ಕಳಿಸಿದ ಜನ ಸುಮಾರು 1,70,000, ಹಿಂದಿನ ವರ್ಷ ಅದೇ ತಿಂಗಳುಗಳಿಗಿಂತ 30,000 ಜಾಸ್ತಿ. ಅವರಲ್ಲಿ ಎಷ್ಟೋ ಜನ ಈ ಹೆಣ್ಣುಮಗಳ ಮಾತು ಕೇಳಿ ನಾಚಿಕೆ ಬಿಟ್ಟು ಡಾಕ್ಟರ ಹತ್ರ ಹೋದೋರು. ಇದನ್ನ ಅಪಶಕುನ ಅಂತ ಹೆಂಗನ್ನೋದು?

ನಿಮ್ಮ ಪತ್ರದಲ್ಲಿ ನನ್ನನ್ನ ನಿಜವಾಗ್ಲೂ ಕಾಡಿದ್ದು ಡೆಬೊರಾ ಬಗ್ಗೆ ಬರೆದ ಸಾಲಲ್ಲ, ಅಲ್ಸರ್ ಅಂದೆ ಅನ್ನೋ ಸಾಲು. ನಿಮಗೆ ಬಾಯಿ ಬಿಟ್ಟು ಹೇಳೋಕಾಗದ್ದನ್ನ ಅಷ್ಟು ವರ್ಷ ನಿಮ್ಮ ಬದಲಿಗೆ ಹೇಳ್ತಿದ್ದೋರು ಅವರು. ಅವರು ಹೋದ್ಮೇಲೆ ಆ ಮಾತು ಪೂರ್ತಿ ನಿಮ್ಮೊಬ್ಬರ ಗಂಟಲಲ್ಲೇ ಉಳ್ಕೊಂಡಿದೆ, ಊಟ ಸೇರದೇ ಇದ್ದದ್ದು ಅದಕ್ಕೂ ಇರಬಹುದು. ಯಾಕೆ ಮುಚ್ಚಿಟ್ರಿ ಅಂತ ಕೇಳಲ್ಲ, ಗೊತ್ತಿರೋದೇ, ಹೊಟ್ಟೆ ಕೆಳಗಿನ ಕಾಯಿಲೆ ಅಂದ್ರೆ ನಮ್ಮಲ್ಲಿ ಯಾರೂ ಬಾಯಿ ಬಿಡಲ್ಲ. ರಕ್ತ ಹೋಗ್ತಿದ್ರೆ ಉಷ್ಣ ಅಂತೀವಿ, ಮೂಲವ್ಯಾಧಿ ಅಂತೀವಿ, ಬಸ್ ಸ್ಟ್ಯಾಂಡ್ ಹತ್ರ ಗೋಡೆ ಮೇಲೆ "ಆಪರೇಷನ್ ಇಲ್ಲದೆ ಗುಣ" ಅಂತ ಬರೆದಿರೋ ಕಡೆ ಹೋಗಿ ಪುಡಿ ತಗೊಂಡು ಆರು ತಿಂಗಳು ಕಳೀತೀವಿ. ಬಹಳ ಸಲ ಅದು ಮೂಲವ್ಯಾಧೀನೇ ಆಗಿರತ್ತೆ, ನಿಜ. ಆದ್ರೆ ಮಲದಲ್ಲಿ ರಕ್ತ, ವಾರಗಟ್ಟಲೆ ಹೊಟ್ಟೆ ಹೋಗೋ ರೀತಿ ಬದಲಾಗೋದು, ಕಾರಣ ಇಲ್ಲದೆ ತೂಕ ಇಳಿಯೋದು, ರಕ್ತ ಕಮ್ಮಿಯಾಗಿ ಸುಸ್ತು, ಇವು ಇದ್ರೆ ಡಾಕ್ಟರಿಗೆ ತೋರಿಸ್ಲೇಬೇಕು, ವಯಸ್ಸು ಚಿಕ್ಕದು, ನಾವು ಮಾಂಸ ತಿನ್ನಲ್ಲ ಅಂತೆಲ್ಲ ಸಮಾಧಾನ ಮಾಡ್ಕೊಂಡು ಕೂರಬಾರದು.

ಅಮ್ಮನಿಗೆ ಹೇಳೋದು ಬಿಡೋದು ನಿಮ್ಮ ಮನಸ್ಸಿಗೆ ಬಿಟ್ಟಿದ್ದು. ತಮ್ಮನಿಗೆ ಮಾತ್ರ ಹೇಳ್ಲೇಬೇಕು, ಇದರಲ್ಲಿ ನಾನು ನಿಮ್ಮನ್ನ ಒತ್ತಾಯ ಮಾಡ್ತೀನಿ. ಒಡಹುಟ್ಟಿದವರಿಗೆ ಚಿಕ್ಕ ವಯಸ್ಸಲ್ಲಿ ಕರುಳಿನ ಕ್ಯಾನ್ಸರ್ ಬಂದಿದ್ರೆ ಉಳಿದವರಿಗೂ ಅಪಾಯ ಜಾಸ್ತಿ. 40 ವರ್ಷಕ್ಕೆ, ಇಲ್ಲಾ ಮನೆಯಲ್ಲಿ ಬಂದವರ ವಯಸ್ಸಿಗಿಂತ ಹತ್ತು ವರ್ಷ ಮುಂಚೆ, ಯಾವುದು ಮೊದಲೋ ಆಗ ಕೊಲೊನೋಸ್ಕೋಪಿ, ಅಂದ್ರೆ ಕ್ಯಾಮೆರಾ ಇರೋ ಪೈಪ್ ಹಾಕಿ ಕರುಳು ನೋಡೋ ಪರೀಕ್ಷೆ, ಮಾಡಿಸಿ ಅನ್ನೋದು ಬಹಳ ಕಡೆ ಡಾಕ್ಟರುಗಳು ಹಿಡಿಯೋ ಲೆಕ್ಕ. ನಿಮಗೆ 39ಕ್ಕೆ ಬಂತು, ಅಂದ್ರೆ ತಮ್ಮನಿಗೆ 29 ತುಂಬಿದ್ರೆ ಈಗಲೇ ಡಾಕ್ಟರನ್ನ ಕಾಣಬೇಕು. ಕರುಳಲ್ಲಿ ಬೆಳೆಯೋ ಗಂಟುಗಳು ಕ್ಯಾನ್ಸರ್ ಆಗೋಕೆ ಸಾಮಾನ್ಯವಾಗಿ ವರ್ಷಗಳೇ ಹಿಡಿಯತ್ತೆ, ಅದರೊಳಗೆ ಕಂಡ್ರೆ ಅದೇ ಕೊಲೊನೋಸ್ಕೋಪಿಯಲ್ಲೇ ತೆಗೆದುಬಿಡಬಹುದು. ನಿಮ್ಮ ಗೆಡ್ಡೆಗೆ ಲಿಂಚ್ ಸಿಂಡ್ರೋಮಿನ, ಅಂದ್ರೆ ಮನೆತನದಲ್ಲಿ ಬರೋ ಕ್ಯಾನ್ಸರ್ ಅಪಾಯದ, ಟೆಸ್ಟ್ ಅಲ್ಲಿ ಮಾಡಿರಬೇಕು, ರಿಪೋರ್ಟ್ ಏನು ಬಂತು ಅಂತ ನಿಮ್ಮ ಆಂಕಾಲಜಿ ನರ್ಸ್ ಹತ್ರ ಕೇಳಿ, ಕಾಪಿ ತಗೊಂಡು ತಮ್ಮನಿಗೆ ಕಳಿಸಿ, ಅವನು ಇಲ್ಲಿ ಡಾಕ್ಟರಿಗೆ ತೋರಿಸೋಕೆ ಅದು ಬೇಕಾಗತ್ತೆ.

ಡೆಬೊರಾ ಮನೆಯವರಿಗೆ ಏನಾದ್ರೂ ಬರೀಲಾ ಅಂತಾನೂ ಪತ್ರದ ಕೊನೆಯಲ್ಲಿ ಕೇಳಿದೀರ. ಬರೀರಿ, ಉತ್ತರ ಬರ್ದಿದ್ರೂ ಪರವಾಗಿಲ್ಲ, ಫ್ರಿಜ್ಜು ಗ್ಲೌಸು ಎಲ್ಲಾ ಸೇರಿಸಿ ಬರೀರಿ. ಆದ್ರೆ ಅದಕ್ಕೆ ಮೊದಲು ಹಾಸನಕ್ಕೆ ಫೋನ್. ಈ ಭಾನುವಾರಾನೇ ಮಾಡಿ, ತಮ್ಮ ಒಬ್ಬನೇ ಇರೋ ಟೈಮ್ ನೋಡ್ಕೊಂಡು, "ಅದು ಅಲ್ಸರ್ ಅಲ್ಲ ಕಣೋ" ಅಂತ ಶುರು ಮಾಡಿ. ಅಮ್ಮನಿಗೆ ಹೇಗೆ ಹೇಳೋದು ಅನ್ನೋದನ್ನ ಆಮೇಲೆ ನೀವಿಬ್ರೂ ಸೇರಿ ಯೋಚ್ನೆ ಮಾಡಬಹುದು.