ಬೂಸ್ಟು ಹಿಡಿದ ಕಡಲೆಕಾಯಿ ಬೀಜವನ್ನು ಹುರಿದು ತಿಂದರೆ ತೊಂದರೆ ಇಲ್ವಾ?

ತಿನ್ನಬೇಡಿ. ಹುರಿದರೆ ಬೂಸ್ಟು ಸಾಯುತ್ತದೆ, ಅದು ಬಿಟ್ಟುಹೋದ ವಿಷ ಪೂರ್ತಿ ಹೋಗುವುದಿಲ್ಲ.

ಆ ವಿಷದ ಹೆಸರು ಅಫ್ಲಾಟಾಕ್ಸಿನ್. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರ ಇದನ್ನು ತಯಾರಿಸುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಕಾರಣ ಹುಡುಕಿದಾಗ ಸಿಕ್ಕಿದ್ದು ಮೇವಿನಲ್ಲಿದ್ದ ಕಡಲೆಕಾಯಿ ಹಿಂಡಿ. ಈ ವಿಷ ಪತ್ತೆಯಾಗಿದ್ದೇ ಹಾಗೆ.

ನಮ್ಮ ಲಿವರ್ ಇದನ್ನು ಹೊರಹಾಕಲು ಹೋಗಿ, ಮೊದಲು ಇನ್ನೂ ಅಪಾಯಕಾರಿ ರೂಪಕ್ಕೆ ತಿರುಗಿಸುತ್ತದೆ. ಆ ರೂಪ ಜೀವಕೋಶದ ಡಿಎನ್ಎಗೆ, ಅದರಲ್ಲೂ ಗ್ವಾನೀನ್ ಎಂಬ ಭಾಗಕ್ಕೆ ಅಂಟಿಕೊಳ್ಳುತ್ತದೆ. ಒಂದು ಕೋಶ ಎರಡಾಗುವಾಗ ಡಿಎನ್ಎಯ ನಕಲಿನಲ್ಲಿ ತಪ್ಪು ಉಳಿಯಬಹುದು. ಕೋಶಗಳು ಅಡ್ಡಾದಿಡ್ಡಿ ಬೆಳೆಯದಂತೆ ತಡೆಯುವ ಪಿ53 ಜೀನ್‌ನಲ್ಲೇ ಈ ತಪ್ಪು ಆದರೆ ಲಿವರ್ ಕ್ಯಾನ್ಸರ್‌ಗೆ ದಾರಿಯಾಗಬಹುದು. ಹೆಪಟೈಟಿಸ್ ಬಿ ಇರುವವರಿಗೆ ಅಪಾಯ ಬಹಳ ಜಾಸ್ತಿ. ಅವರ ಮನೆಯವರು ಈ ವಿಷಯದಲ್ಲಿ ದಯವಿಟ್ಟು ಎಚ್ಚರವಾಗಿರಿ.

ಒಂದೇ ಸಲಕ್ಕೆ ತುಂಬಾ ವಿಷ ಹೊಟ್ಟೆಗೆ ಹೋದರೆ ಕಾಮಾಲೆ ಬಂದು ಜೀವವೇ ಹೋಗಬಹುದು. 1974ರಲ್ಲಿ ರಾಜಸ್ಥಾನ, ಗುಜರಾತ್ ಕಡೆ ಕೆಟ್ಟ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಸತ್ತರು.

ಹಾಗಂತ ಒಂದು ಕಹಿ ಬೀಜ ಬಾಯಿಗೆ ಬಂತೆಂದು ಗಾಬರಿ ಬೇಡ. ಉಗಿದು ಬಾಯಿ ತೊಳೆದುಕೊಳ್ಳಿ, ಸಾಕು. ಬೀಜವನ್ನು ಚೆನ್ನಾಗಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿಡಿ. ಮುದುಡಿದ್ದು, ಬಣ್ಣ ಕೆಟ್ಟಿದ್ದು ಕಂಡರೆ ಆರಿಸಿ ಎಸೆಯಿರಿ. ಹಸುವಿಗೂ ಹಾಕಬೇಡಿ, ವಿಷದ ಒಂದು ಪಾಲು ಹಾಲಿಗೆ ಬರುತ್ತದೆ.