ಪ್ಯಾಡ್‌ನಿಂದ ಕ್ಯಾನ್ಸರ್ ಬರುತ್ತಾ ಅಕ್ಕಾ?

ಮುಟ್ಟಿನ ಬಗ್ಗೆ ಏನು ಬೇಕಾದರೂ ಕೇಳಿ ಅಂತ ಕಳೆದ ಸಂಚಿಕೆಯಲ್ಲಿ ಬರೆದಿದ್ದೆವು. ಕೊಡಗಿನಿಂದ ಬಂದ ಪತ್ರಗಳೇ ಜಾಸ್ತಿ. ಪ್ಯಾಡು, ಬಟ್ಟೆ, ಕಪ್ (ಒಳಗಿಟ್ಟು ಮುಟ್ಟಿನ ರಕ್ತ ಹಿಡಿಯುವ ಸಣ್ಣ ಬಟ್ಟಲು) ಇವೆಲ್ಲ ಮೈಗೆ ಒಳ್ಳೆಯದೋ ಕೆಟ್ಟದ್ದೋ ಅನ್ನುವ ಭಯ ಎಲ್ಲದರಲ್ಲೂ ಇತ್ತು. ಯಾರ ಹೆಸರನ್ನೂ ಹಾಕಿಲ್ಲ. ಬಹಳ ವರ್ಷ ನರ್ಸ್ ಆಗಿ ದುಡಿದು ಈಗ ಗೋಣಿಕೊಪ್ಪ ಕಡೆ ಇರುವ ನಮ್ಮ ಅಂಕಣದ ಅಕ್ಕ ಉತ್ತರಿಸಿದ್ದಾರೆ.

ಪ್ರಶ್ನೆ: ಅಕ್ಕಾ, ನಮ್ಮ ಸಂಘದ ವಾಟ್ಸಾಪ್ ಗುಂಪಿನಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ಪ್ಯಾಡ್ ಒಳಗಿನ ಜೆಲ್ ಗರ್ಭಕೋಶಕ್ಕೆ ಹೋಗಿ ಕ್ಯಾನ್ಸರ್ ಆಗುತ್ತದಂತೆ, ಎಷ್ಟೋ ಹುಡುಗಿಯರು ಸತ್ತೇ ಹೋಗಿದ್ದಾರಂತೆ. ನನ್ನ ಮಗಳಿಗೆ 13 ವರ್ಷ, ಈಗಷ್ಟೇ ದೊಡ್ಡವಳಾಗಿದ್ದಾಳೆ. ಪ್ಯಾಡ್ ಕೊಡಲೋ ಬೇಡವೋ? (ಸೋಮವಾರಪೇಟೆ ಕಡೆಯ ತಾಯಿ)

ಉತ್ತರ: ಧೈರ್ಯವಾಗಿ ಕೊಡಿ. ಆ ಮೆಸೇಜ್ ನನಗೂ ಬಂದಿದೆ. ಅದು ಹೊಸದೇನಲ್ಲ, ವರ್ಷಗಳಿಂದ ಸತ್ತವರ ಲೆಕ್ಕ, ಕಂಪನಿಯ ಹೆಸರು ಬದಲಾಯಿಸಿಕೊಂಡು ಸುತ್ತುತ್ತಲೇ ಇದೆ. ಜೆಲ್ ಅಂದರೆ ಸೋಡಿಯಂ ಪಾಲಿಅಕ್ರಿಲೇಟ್ ಅನ್ನುವ ಪುಡಿ. ಮಕ್ಕಳ ಡೈಪರ್‌ನಲ್ಲಿರುವುದೂ ಅದೇ. ಒದ್ದೆ ತಾಗಿದ ಕೂಡಲೇ ಉಬ್ಬಿ ಲೋಳೆಯಾಗಿ ಅಲ್ಲೇ ನಿಲ್ಲುತ್ತದೆ. ಪ್ಯಾಡ್ ಇರುವುದು ಮೈಯ ಹೊರಗೆ ಅಲ್ವಾ? ಅಲ್ಲಿಂದ ಎದ್ದು ಗರ್ಭಕೋಶಕ್ಕೆ ಹತ್ತಲು ಅದಕ್ಕೆ ದಾರಿಯಿಲ್ಲ. ಗರ್ಭಕೋಶದ ಕೊರಳಿಗೆ ಬರುವ ಕ್ಯಾನ್ಸರ್‌ಗೆ ಹೆಚ್ಚುಕಡಿಮೆ ಎಲ್ಲ ಸಲವೂ ಎಚ್‌ಪಿವಿ ಅನ್ನುವ ವೈರಸ್ ಕಾರಣ. ಅದಕ್ಕೆ ಲಸಿಕೆ ಇದೆ, 9ರಿಂದ 14 ವರ್ಷದೊಳಗೆ ಹಾಕಿಸಿದರೆ ಒಳ್ಳೆಯದು. ಕ್ಯಾನ್ಸರ್ ಬಗ್ಗೆ ಅಷ್ಟು ಭಯ ಇದ್ದರೆ ಮೆಸೇಜ್ ಫಾರ್ವರ್ಡ್ ಮಾಡುವುದು ಬಿಟ್ಟು ಮಗಳನ್ನು ಕರೆದುಕೊಂಡು ಹೋಗಿ ಲಸಿಕೆ ವಿಚಾರಿಸಿ. ಈಗ ಅವಳಿಗೆ ಸರಿಯಾದ ವಯಸ್ಸು.

ಹಾಗಂತ ಕಂಪನಿಗಳಿಗೆ ಪೂರ್ತಿ ಒಳ್ಳೆಯ ಹೆಸರು ಕೊಡಲು ನಾನು ತಯಾರಿಲ್ಲ. ದೆಹಲಿಯ ಟಾಕ್ಸಿಕ್ಸ್ ಲಿಂಕ್ ಅನ್ನುವ ಸಂಸ್ಥೆ 2022ರಲ್ಲಿ ನಮ್ಮ ಮಾರುಕಟ್ಟೆಯ 10 ಬಗೆಯ ಪ್ಯಾಡ್‌ಗಳನ್ನು ಪರೀಕ್ಷೆ ಮಾಡಿಸಿತು. ಎಲ್ಲದರಲ್ಲೂ ಥ್ಯಾಲೇಟ್ ಸಿಕ್ಕಿತು. ಇದು ಪ್ಲಾಸ್ಟಿಕ್ ಮೆತ್ತಗಾಗಲಿ ಅಂತ ಬಳಸುವ ರಾಸಾಯನಿಕ, ನಮ್ಮ ಹಾರ್ಮೋನುಗಳ ಕೆಲಸದಲ್ಲಿ ಕೈಹಾಕುತ್ತದೆ ಅನ್ನುವ ಕಾರಣಕ್ಕೆ ಅದರ ಮೇಲೆ ಕಣ್ಣಿದೆ. ಗಾಳಿಯಲ್ಲಿ ಆವಿಯಾಗುವ ಬೇರೆ ಕೆಲವು ರಾಸಾಯನಿಕಗಳೂ ಸಿಕ್ಕಿದವು. 'ಆರ್ಗ್ಯಾನಿಕ್' ಅಂತ ದೊಡ್ಡದಾಗಿ ಬರೆದು ಎರಡರಷ್ಟು ಬೆಲೆಗೆ ಮಾರುವ ಪ್ಯಾಡ್‌ಗಳೂ ಇದರಲ್ಲಿ ಹೊರತಲ್ಲ. ಇದರಿಂದ ಇಂಥವರಿಗೆ ಇಂಥ ಕಾಯಿಲೆ ಬಂತು ಅಂತ ಆ ಪರೀಕ್ಷೆ ಹೇಳುವುದಿಲ್ಲ. ಒಳಗೆ ಏನಿದೆ ಅಂತ ಹೇಳುತ್ತದೆ, ಅಷ್ಟೇ. ಆದರೆ ಆ 'ಅಷ್ಟೇ' ನಮಗೆ ಕಂಪನಿಯವರಿಂದ ಗೊತ್ತಾಗಬೇಕಿತ್ತು. ಹತ್ತು ರೂಪಾಯಿಯ ಬಿಸ್ಕೆಟ್ ಪೊಟ್ಟಣದ ಮೇಲೆ ಮೈದಾ ಎಷ್ಟು, ಎಣ್ಣೆ ಎಷ್ಟು ಅಂತ ಇರುತ್ತದೆ. ತಿಂಗಳಿಗೆ ಐದು ದಿನ ಮೈಗೆ ಅಂಟಿಕೊಂಡಿರುವ ವಸ್ತುವಿನ ಮೇಲೆ ಹೂವಿನ ಚಿತ್ರ ಇರುತ್ತದೆ.

ಕೊಳ್ಳುವಾಗ ವಾಸನೆ ಹಾಕಿದ ಪ್ಯಾಡ್ ಬೇಡ. ಪೊಟ್ಟಣದಲ್ಲಿ ಐಎಸ್ 5405 ಅನ್ನುವ ಸಂಖ್ಯೆ ಇದೆಯಾ ನೋಡಿ, ಅದು ನಮ್ಮ ದೇಶದ ಗುಣಮಟ್ಟದ ಗುರುತು. ತಯಾರಾದ ತಾರೀಕನ್ನೂ ನೋಡಿ. ಬೆಲೆ ಜಾಸ್ತಿ ಅಂದರೆ ಒಳ್ಳೆಯದು ಅಂತೇನಿಲ್ಲ, ಜನೌಷಧಿ ಅಂಗಡಿಯಲ್ಲಿ 2019ರಿಂದ ಒಂದು ರೂಪಾಯಿಗೆ ಒಂದು ಪ್ಯಾಡ್ ಕೊಡುತ್ತಿದ್ದಾರೆ.

ಪ್ರಶ್ನೆ: ಭಾಗಮಂಡಲ ಕಡೆಯಿಂದ ಮಡಿಕೇರಿಗೆ ದಿನಾ ಬಸ್ಸಲ್ಲಿ ಕಾಲೇಜಿಗೆ ಹೋಗುತ್ತೇನೆ. ಬೆಳಿಗ್ಗೆ ಏಳಕ್ಕೆ ಹಾಕಿದ ಪ್ಯಾಡ್ ತೆಗೆಯುವುದು ಮನೆಗೆ ಬಂದ ಮೇಲೇ. ಸೋರಬಾರದು ಅಂತ ದೊಡ್ಡ ಸೈಜಿನದ್ದೇ ತರುತ್ತೇನೆ. ತೊಡೆ ಸಂದಿಯೆಲ್ಲ ಕೆಂಪಾಗಿ ಉರಿಯುತ್ತದೆ. ಬ್ರ್ಯಾಂಡ್ ಸರಿಯಿಲ್ಲವಾ?

ಉತ್ತರ: ಬ್ರ್ಯಾಂಡ್ ಇರಲಿ, ಮೊದಲು ಗಡಿಯಾರ ನೋಡಿಕೋ ತಂಗಿ. ಪೊಟ್ಟಣದ ಮೇಲೆ '12 ಗಂಟೆ' ಅಂತ ಬರೆಯುವುದು ಸೋರುವುದಿಲ್ಲ ಅನ್ನುವ ಲೆಕ್ಕದಲ್ಲಿ, ನಿನ್ನ ಚರ್ಮದ ಲೆಕ್ಕದಲ್ಲಿ ಅಲ್ಲ. ಒದ್ದೆ, ಬಿಸಿ, ಉಜ್ಜಾಟ, ಮೇಲೆ ಪ್ಲಾಸ್ಟಿಕ್ ಹಾಳೆ, ಮಳೆಯಲ್ಲಿ ನೆನೆದ ಪ್ಯಾಂಟು, ಇಷ್ಟು ಸೇರಿದರೆ ಯಾವ ಪ್ಯಾಡ್ ಆದರೂ ಸಂದಿ ಕೆಂಪಾಗುತ್ತದೆ. ಜಾಸ್ತಿ ಹೋಗದಿದ್ದರೂ ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಾಯಿಸಬೇಕು.

ಕಾಲೇಜಿನ ಶೌಚಾಲಯದಲ್ಲಿ ಬೋಲ್ಟ್ ಇಲ್ಲ, ನೀರಿಲ್ಲ, ಬುಟ್ಟಿ ಇಲ್ಲ ಅಂತ ನೀನು ಬರೆಯದಿದ್ದರೂ ನನಗೆ ಗೊತ್ತು. ನಾಲ್ಕೈದು ಜನ ಸೇರಿ ಪ್ರಿನ್ಸಿಪಾಲರಿಗೆ ಒಂದು ಅರ್ಜಿ ಬರೆದುಕೊಡಿ, ಬಾಯಲ್ಲಿ ಹೇಳಬೇಡಿ, ಬರೆದು ಕೊಟ್ಟರೆ ಫೈಲಿಗೆ ಹೋಗುತ್ತದೆ. ಅಲ್ಲಿಯವರೆಗೆ ಬ್ಯಾಗಿನಲ್ಲಿ ಒಂದು ಜಿಪ್ ಪೌಚು, ಹಳೆ ಪೇಪರು, ಒಣಗಿದ ಒಳ ಉಡುಪು ಒಂದು ಇಟ್ಟುಕೋ. ಉರಿ ಇರುವ ಕಡೆ ಬರೀ ನೀರಲ್ಲಿ ತೊಳೆದು ಒತ್ತಿ ಒರೆಸಿ ಒಣಗಲು ಬಿಡು. ಆಂಟಿಸೆಪ್ಟಿಕ್, ಸುಗಂಧದ ಸೋಪು, ಟಿವಿಯಲ್ಲಿ ತೋರಿಸುವ ವಾಷ್ ಯಾವುದೂ ಬೇಡ. ಬಿಳಿಯಾಗಿ ಮೊಸರು ಒಡೆದ ಹಾಗೆ ಹೋಗುತ್ತಿದ್ದರೆ, ತುರಿಕೆ ಮುಟ್ಟು ನಿಂತ ಮೇಲೂ ಇದ್ದರೆ ಡಾಕ್ಟರಿಗೆ ತೋರಿಸು, ಅದು ಬೇರೆ ಸೋಂಕು.

ಪ್ರಶ್ನೆ: ನಾಪೋಕ್ಲು ಹತ್ತಿರ ನಮ್ಮ ಮನೆ. ನಮ್ಮ ಅತ್ತೆ ಕಾಲದಿಂದ ಬಟ್ಟೆಯೇ. ಹೊಲಿದ ಬಟ್ಟೆ ಪ್ಯಾಡ್ ಈಗ ಪೇಟೆಯಲ್ಲೂ ಬಂದಿದೆ, ಅದೇ ಸುರಕ್ಷಿತ ಅಂತಾರೆ. ಆದರೆ ಮಳೆಗಾಲದಲ್ಲಿ ಏನು ಮಾಡುವುದು ಅಕ್ಕಾ? ಒಣಗುವುದೇ ಇಲ್ಲ.

ಉತ್ತರ: ಬಟ್ಟೆ ಒಳ್ಳೆಯದು, ಬಿಸಿಲಿಗೆ ಹಾಕಿ ಅಂತ ಎಲ್ಲರೂ ಬರೆಯುತ್ತಾರೆ. ಬರೆಯುವವರು ಜುಲೈ ತಿಂಗಳಲ್ಲಿ ನಾಪೋಕ್ಲಿಗೆ ಬಂದು ಬಿಸಿಲು ತೋರಿಸಲಿ ನೋಡೋಣ! ಜೂನ್ ಮಧ್ಯದಲ್ಲಿ ಹಿಡಿದ ಮಳೆ ಕಕ್ಕಡ ತಿಂಗಳು (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯ) ಮುಗಿಯುವವರೆಗೆ ಬಿಡುವುದಿಲ್ಲ. ಕಬ್ಬಿಣದ ಬೀರುವಿನೊಳಗೆ ಇಟ್ಟ ರೇಷ್ಮೆ ಸೀರೆಗೇ ಬೂಷ್ಟು ಬರುತ್ತದೆ, ಇನ್ನು ಬಚ್ಚಲಲ್ಲಿ ಬೇರೆ ಬಟ್ಟೆಯ ಅಡಿಯಲ್ಲಿ ಯಾರಿಗೂ ಕಾಣದ ಹಾಗೆ ನೇತುಹಾಕಿದ ತುಂಡಿನ ಗತಿ ಏನು? ಮೂಗಿಗೆ ಹಿಡಿದರೆ ಮುಗ್ಗಲು ವಾಸನೆ ಬರುತ್ತದಲ್ಲ, ಆ ಬಟ್ಟೆಯಲ್ಲಿ ಬೂಷ್ಟು, ಬ್ಯಾಕ್ಟೀರಿಯಾ ಬೆಳೆದಿವೆ ಅಂತಲೇ ಲೆಕ್ಕ. ಅದನ್ನು ಕಟ್ಟಿಕೊಂಡರೆ ತುರಿಕೆ, ಸೋಂಕು ಎಲ್ಲ ಬರುತ್ತದೆ. ಬಟ್ಟೆಯದ್ದು ತಪ್ಪಲ್ಲ, ತೇವದ್ದು.

ಒಗೆಯುವಾಗ ಮೊದಲು ತಣ್ಣೀರು. ಬಿಸಿನೀರು ಹಾಕಿದರೆ ರಕ್ತ ಕಚ್ಚಿಕೊಳ್ಳುತ್ತದೆ. ಕೆಂಪು ಬಿಟ್ಟ ಮೇಲೆ ಸೋಪು ಹಾಕಿ ಉಜ್ಜಿ, ಸೋಪಿನ ಜಾರು ಪೂರ್ತಿ ಹೋಗುವವರೆಗೆ ಜಾಲಿಸಿ, ಯಾಕೆಂದರೆ ಉಳಿದ ಸೋಪೇ ಎಷ್ಟೋ ಜನರಿಗೆ ಉರಿ ತರುತ್ತದೆ. ಮಳೆಗಾಲದಲ್ಲಿ ತೋಡಿನ ನೀರು, ಬಾವಿ ನೀರು ಕೆಂಪಾಗಿರುತ್ತದೆ, ಹಾಗಿದ್ದರೆ ಕೊನೆಯ ಜಾಲಿಸುವಿಕೆಗೆ ಕುದಿಸಿ ಆರಿಸಿದ ನೀರು. ಆಮೇಲೆ ಗಟ್ಟಿಯಾಗಿ ಹಿಂಡಿ, ಒಣ ಟವೆಲ್ಲಿನಲ್ಲಿ ಸುತ್ತಿ ತುಳಿಯಿರಿ. ಅರ್ಧ ನೀರು ಅಲ್ಲೇ ಹೋಗುತ್ತದೆ. ಬಚ್ಚಲ ಒಲೆಯ ಕಡೆ, ಹೊಗೆ ನೇರ ತಾಗದ, ಬೆಚ್ಚಗಿನ ಗೋಡೆಯ ಹತ್ತಿರ ಹಗ್ಗ ಕಟ್ಟಿ, ಬಿಡಿಸಿ ಹಾಕಿ. ಕೈಗೆ ಒಣಗಿದ ಹಾಗೆ ಅನಿಸಿದರೂ ನಂಬಬೇಡಿ, ಮಡಿಕೆಯ ಒಳಗೆ ತೇವ ಇರುತ್ತದೆ. ಎರಡೂ ಕಡೆ ಬಿಸಿ ಇಸ್ತ್ರಿ ಹಾಕಿ. ಇಸ್ತ್ರಿಯಡಿಯಿಂದ ಆವಿ ಏಳುವುದು ನಿಂತರೆ ಒಣಗಿದೆ ಅಂತ ಅರ್ಥ. ಆದರೆ ಅಂಗಡಿಯ ಬಟ್ಟೆ ಪ್ಯಾಡ್‌ನ ಅಡಿಯಲ್ಲಿ ಪ್ಲಾಸ್ಟಿಕ್ ಪದರ ಇದ್ದರೆ ಇಸ್ತ್ರಿ ಬೇಡ, ಕರಗುತ್ತದೆ. ಅದಕ್ಕೇ ಕೊಳ್ಳುವಾಗ ಪೂರ್ತಿ ಬಿಡಿಸಿ ಒಣಗಿಸಲು ಬರುವಂಥದ್ದನ್ನೇ ನೋಡಿ. ಮರುಬಳಕೆಯ ಪ್ಯಾಡ್‌ಗೂ ಗುಣಮಟ್ಟದ ಸಂಖ್ಯೆ ಇದೆ, ಐಎಸ್ 17514.

ಕರೆಂಟು ಎರಡು ಮೂರು ದಿನ ಹೋಗುವ ಊರು ನಿಮ್ಮದಾದರೆ ನನ್ನ ಮಾತು ಕೇಳಿ, ಜೋರು ಮಳೆಯ ಎರಡು ತಿಂಗಳು ಅಂಗಡಿ ಪ್ಯಾಡ್ ಬಳಸಿ, ಉಳಿದ ಹತ್ತು ತಿಂಗಳು ಬಟ್ಟೆ. ಅತ್ತೆ ಏನಾದರೂ ಅಂದರೆ ನನ್ನ ಹೆಸರು ಹೇಳಿ. ಅಂದ ಹಾಗೆ ಪ್ಯಾಡ್ ಪೊಟ್ಟಣವನ್ನೂ ಬಚ್ಚಲಲ್ಲಿ ಇಡಬೇಡಿ, ಅಕ್ಕಿ ಇಡುವ ಹಾಗೆ ಮುಚ್ಚಳದ ಡಬ್ಬಿಯಲ್ಲಿ ಇಡಿ.

ಪ್ರಶ್ನೆ: ಮದುವೆಯಾಗಿ ಕೊಡಗಿಗೆ ಹೊಸದಾಗಿ ಬಂದವಳು ನಾನು. ಹೋದ ಆಗಸ್ಟ್‌ನಲ್ಲಿ ಮುಟ್ಟಿನ ದಿನ ಅಲ್ಲದಿದ್ದರೂ ಮೂತ್ರ ಕೆಂಪಗೆ ಹೋಯಿತು. ಹೊಸ ಪ್ಯಾಡ್‌ನಿಂದ ಏನಾದರೂ ಆಯಿತಾ ಅಂತ ಈಗಲೂ ಭಯ.

ಉತ್ತರ: ಆಗಸ್ಟ್ ಮೊದಲ ವಾರವಾ? ಕಕ್ಕಡ ಹದಿನೆಂಟಕ್ಕೆ ಮದ್ದು ಸೊಪ್ಪಿನ ಪಾಯಸ ತಿಂದಿರುತ್ತೀರಿ. ಅದರ ಬಣ್ಣ ಹಾಗೇ ಮೂತ್ರದಲ್ಲಿ ಬರುತ್ತದೆ, ಒಂದು ದಿನದಲ್ಲಿ ಹೋಗುತ್ತದೆ. ಮನೆಯವರು ಮೊದಲೇ ಹೇಳಬೇಕಿತ್ತು. ಪಾಯಸ ತಿನ್ನದೆ ಕೆಂಪಾದರೆ ಮಾತ್ರ ತಡಮಾಡದೆ ಡಾಕ್ಟರ್ ಹತ್ತಿರ ಹೋಗಿ.

ಪ್ರಶ್ನೆ: ಪೊನ್ನಂಪೇಟೆಯಲ್ಲಿ ಹಾಕಿ ಆಡುತ್ತೇನೆ, 19 ವರ್ಷ. ಪ್ಯಾಡ್ ಕಟ್ಟಿಕೊಂಡು ಓಡುವುದು ಕಷ್ಟ. ಕಪ್ ಹಾಕಿಕೊಳ್ಳೋಣ ಅಂದರೆ ಅವ್ವ ಕನ್ಯತ್ವ ಹೋಗುತ್ತದೆ ಅಂತಾರೆ, ಫ್ರೆಂಡ್ ಒಬ್ಬಳು ವಿಷ ಆಗುತ್ತದೆ ಅಂತಾಳೆ.

ಉತ್ತರ: ಅವ್ವನ ಮಾತಿಗೆ ಮೊದಲು. ಕನ್ಯಾಪೊರೆ ಅನ್ನುವುದು ಮುಚ್ಚಳ ಅಲ್ಲ, ಅಂಚಿನಲ್ಲಿರುವ ಮೆತ್ತನೆ ಪದರ. ಕಪ್ ಹಾಕುವಾಗ ಅದು ಸ್ವಲ್ಪ ಎಳೆಯಬಹುದು. ಅದಕ್ಕೂ ನಿನ್ನ ನಡತೆಗೂ ಏನೂ ಸಂಬಂಧವಿಲ್ಲ. ನಮ್ಮ ಸರ್ಕಾರವೇ ದಕ್ಷಿಣ ಕನ್ನಡ, ಚಾಮರಾಜನಗರ ಜಿಲ್ಲೆಗಳಲ್ಲಿ ಹೆಣ್ಣುಮಕ್ಕಳಿಗೆ ಕಪ್ ಹಂಚಿದೆ ಅಂತ ಅವ್ವನಿಗೆ ಹೇಳು.

ಫ್ರೆಂಡ್ ಹೇಳಿದ್ದು ಸುಳ್ಳಲ್ಲ, ಆದರೆ ಬಹಳ ಅಪರೂಪ. ಅದಕ್ಕೆ ಟಾಕ್ಸಿಕ್ ಶಾಕ್ ಅಂತಾರೆ. 1980ರಲ್ಲಿ ಅಮೆರಿಕದಲ್ಲಿ ರಿಲೈ ಅನ್ನುವ ಟ್ಯಾಂಪೂನ್ (ಒಳಗಿಟ್ಟು ರಕ್ತ ಹೀರಿಸುವ ಸುರುಳಿ) ಬಳಸಿದ ಎಷ್ಟೋ ಹೆಂಗಸರಿಗೆ ಇದು ಬಂದು, ಕೆಲವರು ತೀರಿಕೊಂಡು, ಆ ವರ್ಷದ ಸೆಪ್ಟೆಂಬರ್‌ನಲ್ಲಿ ಕಂಪನಿ ಅದನ್ನು ಮಾರುಕಟ್ಟೆಯಿಂದಲೇ ತೆಗೆಯಿತು. ತುಂಬಾ ಹೀರುತ್ತಿತ್ತು, ಹಾಗಾಗಿ ತುಂಬಾ ಹೊತ್ತು ಒಳಗೇ ಬಿಡುತ್ತಿದ್ದರು. ಸ್ಟ್ಯಾಫಿಲೋಕಾಕಸ್ ಅನ್ನುವ ಬ್ಯಾಕ್ಟೀರಿಯಾಕ್ಕೆ ಅಲ್ಲಿ ಬೆಳೆಯಲು ಜಾಗ ಸಿಕ್ಕಿ, ಅದು ಬಿಡುವ ವಿಷ ರಕ್ತಕ್ಕೆ ಸೇರುತ್ತಿತ್ತು. ಟ್ಯಾಂಪೂನ್ ಬಳಸುವವರು 8 ಗಂಟೆ ದಾಟಿಸಬೇಡಿ ಅನ್ನುವುದು ಅದಕ್ಕೇ. ಕಪ್‌ನಲ್ಲೂ ಇದು ಬಹಳ ಅಪರೂಪ. 2019ರಲ್ಲಿ ಲ್ಯಾನ್ಸೆಟ್ ಬಳಗದ ವೈದ್ಯಕೀಯ ಪತ್ರಿಕೆಯೊಂದರಲ್ಲಿ 43 ಅಧ್ಯಯನಗಳನ್ನು ಒಟ್ಟಿಗೆ ನೋಡಿದ ವರದಿ ಬಂತು, ಜಗತ್ತಿನಾದ್ಯಂತ ಅವರಿಗೆ ಸಿಕ್ಕಿದ್ದು ಇಂಥ ಐದು ಪ್ರಕರಣ.

ಸಿಲಿಕೋನ್ ಕಪ್ ತಗೋ, ಪ್ರತಿ ತಿಂಗಳು ಶುರುವಿಗೆ ಮುಂಚೆ ಕುದಿಸು, ಕೈ ತೊಳೆದು ಹಾಕು. ತೆಗೆಯುವಾಗ ಬುಡ ಒತ್ತಿ ಗಾಳಿ ಬಿಡಿಸಿ ತೆಗೆ, ಬಾಲ ಹಿಡಿದು ಎಳೆಯಬೇಡ. (ಕಾಪರ್-ಟಿ ಹಾಕಿಸಿಕೊಂಡ ಅಕ್ಕಂದಿರು ಯಾರಾದರೂ ಓದುತ್ತಿದ್ದರೆ, ಡಾಕ್ಟರನ್ನು ಕೇಳದೆ ಕಪ್ ಹಾಕಬೇಡಿ, ಎಳೆತಕ್ಕೆ ಅದು ಜಾರಬಹುದು.) ಇನ್ನೊಂದು ಮಾತು. ಮುಟ್ಟಿನ ದಿನಗಳಲ್ಲಿ ದಿಢೀರ್ ಜ್ವರ, ವಾಂತಿ, ತಲೆಸುತ್ತು, ಮೈಮೇಲೆ ಬಿಸಿಲಿಗೆ ಸುಟ್ಟ ಹಾಗೆ ಕೆಂಪು ಬಂದರೆ ಕಪ್ ತೆಗೆದು ತಕ್ಷಣ ಆಸ್ಪತ್ರೆಗೆ ಹೋಗು. ಮಳೆಗಾಲದಲ್ಲಿ ಜ್ವರ ಅಂದರೆ ಡೆಂಗಿ, ಇಲಿಜ್ವರ ಅಂತಲೇ ನೋಡುತ್ತಾರೆ. ಮುಟ್ಟಾಗಿದ್ದೇನೆ, ಕಪ್ ಹಾಕಿದ್ದೆ ಅಂತ ನೀನಾಗಿಯೇ ಹೇಳಬೇಕು. ನಾಚಿಕೆಗೆ ಅದು ಹೊತ್ತಲ್ಲ.

ಪ್ರಶ್ನೆ: ಮೇಡಂ, ಸಿದ್ದಾಪುರ ಕಡೆಯ ಕಾಫಿ ತೋಟದಲ್ಲಿ ರೈಟರ್ (ಲೆಕ್ಕ ಬರೆಯುವವ) ಆಗಿದ್ದೇನೆ. ಲೈನ್ ಮನೆಯ (ಕೂಲಿಯವರ ಸಾಲು ಮನೆ) ಹೆಂಗಸರಿಗೆ ಮಾಲೀಕರು ಪ್ಯಾಡ್ ತರಿಸಿಕೊಡುತ್ತಿದ್ದಾರೆ. ಬಳಸಿದ್ದನ್ನು ಅವರು ಬಚ್ಚಲ ಒಲೆಗೆ ಹಾಕುತ್ತಾರೆ, ಇಲ್ಲವೇ ತೋಡಿಗೆ. ಸುಡುವ ಮಷಿನ್ ತರೋಣ ಅಂತ ಮಾಲೀಕರು ಕೇಳುತ್ತಿದ್ದಾರೆ. ಗಂಡಸು ಕೇಳಿದೆ ಅಂತ ತಪ್ಪು ತಿಳಿಯಬೇಡಿ.

ಉತ್ತರ: ತಪ್ಪೇನು ತಮ್ಮಾ, ನೀವು ಕೇಳಿದ್ದು ಒಳ್ಳೆಯದೇ ಆಯಿತು. ಬಚ್ಚಲ ಒಲೆಗೆ ಹಾಕಿದ ಪ್ಯಾಡ್ ಹೇಗೆ ಉರಿಯುತ್ತದೆ ನೋಡಿದ್ದೀರಾ? ಜೆಲ್ ನೀರು ಹಿಡಿದುಕೊಂಡು ಚಿರ್ ಚಿರ್ ಅನ್ನುತ್ತದೆ, ಪ್ಲಾಸ್ಟಿಕ್ ಕರಗಿ ಸೌದೆಗೆ ಅಂಟಿಕೊಳ್ಳುತ್ತದೆ, ಕಪ್ಪು ಹೊಗೆ ಬಚ್ಚಲಲ್ಲೇ ತುಂಬುತ್ತದೆ. ಅರ್ಧಂಬರ್ಧ ಬಿಸಿಯಲ್ಲಿ ಪ್ಲಾಸ್ಟಿಕ್ ಸುಟ್ಟರೆ ಡಯಾಕ್ಸಿನ್‌ನಂಥ ವಿಷ ಏಳುತ್ತದೆ, ಇದಕ್ಕೆ ಕ್ಯಾನ್ಸರ್ ಜೊತೆ ನಂಟಿರುವುದು ನಿಜ. ಅದೇ ಬಚ್ಚಲಲ್ಲಿ ಸಂಜೆ ಮಕ್ಕಳಿಗೆ ಸ್ನಾನ. ಮೊದಲ ಪತ್ರದ ತಾಯಿ ಜೆಲ್‌ಗೆ ಹೆದರಿದ್ದರಲ್ಲ, ಆ ಭಯ ಇಲ್ಲಿ ಇರಬೇಕಿತ್ತು. ತೋಡಿಗೆ ಎಸೆದರೆ ಅದು ಕಾವೇರಿ ಸೇರುತ್ತದೆ, ಕೆಳಗಿನ ಊರಿನವರು ಅದನ್ನೇ ಕುಡಿಯುತ್ತಾರೆ.

ಸಣ್ಣ ಮಷಿನ್ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯ ಇಲ್ಲ. ಸರಿಯಾಗಿ ಸುಡಲು 800 ಡಿಗ್ರಿಗಿಂತ ಜಾಸ್ತಿ ಬಿಸಿ ಬೇಕು, ಎತ್ತರದ ಚಿಮಣಿ ಬೇಕು, ಬಿಡದೆ ಕರೆಂಟು ಬೇಕು. ಗೋಡೆಗೆ ತಗುಲಿಸುವ ಡಬ್ಬಿಗಳಲ್ಲಿ ಎಷ್ಟೋ ಕಡೆ ಇವು ಮೂರೂ ಇರುವುದಿಲ್ಲ, ಬಚ್ಚಲ ಒಲೆಗೆ ಸ್ವಿಚ್ಚು ಹಾಕಿದ ಹಾಗಾಗುತ್ತದೆ. ಪೇಪರಿನಲ್ಲಿ ಸುತ್ತಿ ಗುರುತು ಹಾಕಿ ಬೇರೆಯೇ ಕೊಡಿ, ಭದ್ರವಾಗಿ ಸುತ್ತಿಯೇ ಕಸಕ್ಕೆ ಹಾಕಬೇಕು ಅಂತ 2016ರ ಕಸದ ನಿಯಮದಲ್ಲೇ ಇತ್ತು. ಪಂಚಾಯ್ತಿ ಗಾಡಿ ತೋಟದ ಒಳಗೆ ಬರುವುದಿಲ್ಲ, ನಿಜ. ಹಾಗಾದರೆ ವಾರಕ್ಕೊಮ್ಮೆ ತೋಟದ ಜೀಪು ಸಂತೆಗೆ ಹೋಗುವಾಗ ಮುಚ್ಚಳದ ಡಬ್ಬಿಯಲ್ಲಿ ಒಯ್ದು ಗಾಡಿಗೆ ಕೊಡಿ, ಮೊದಲು ಪಂಚಾಯ್ತಿಯಲ್ಲಿ ಮಾತಾಡಿಕೊಳ್ಳಿ. ಅದೂ ಆಗದಿದ್ದರೆ ಬಾವಿ, ತೋಡಿನಿಂದ ದೂರ ಆಳದ ಗುಂಡಿ, ಮೇಲೆ ಗಟ್ಟಿ ಮುಚ್ಚಳ. ಪ್ಲಾಸ್ಟಿಕ್ ಕರಗುವುದಿಲ್ಲ, ಅದು ಒಳ್ಳೆಯ ದಾರಿ ಅಂತ ನಾನು ಹೇಳುವುದಿಲ್ಲ, ಆದರೆ ಹೊಗೆಗಿಂತ ವಾಸಿ.

ಮಷಿನ್‌ಗೆ ಇಟ್ಟ ದುಡ್ಡು ಹಾಗೇ ಇದೆ ಅಲ್ವಾ? ಕಾಫಿ ಕೊಯ್ಲಿನ ಸಮಯದಲ್ಲಿ ಹೆಂಗಸರು ಬೆಳಿಗ್ಗೆಯಿಂದ ಸಂಜೆವರೆಗೆ ಗಿಡದ ನಡುವೆ ಇರುತ್ತಾರೆ, ಪ್ಯಾಡ್ ಕೊಟ್ಟರೂ ಬದಲಾಯಿಸಲು ಜಾಗವೇ ಇಲ್ಲ. ಕೊಯ್ಲು ನಡೆಯುವ ಕಡೆಗೆ ಎತ್ತಿಕೊಂಡು ಹೋಗಬಹುದಾದ ಒಂದು ತಗಡಿನ ಮರೆ ಮಾಡಿಸಿ. ಒಳಗಿಂದ ಬೋಲ್ಟ್ ಇರಲಿ, ಒಂದು ಡ್ರಮ್ ನೀರು, ಒಂದು ಮಗ್ಗು, ಒಂದು ಮುಚ್ಚಳದ ಬುಟ್ಟಿ. ಮಧ್ಯಾಹ್ನ ಊಟದ ಬಿಡುವಿಗೆ ಹತ್ತು ನಿಮಿಷ ಸೇರಿಸಿ, ತೂಕದ ಕೂಲಿಯಲ್ಲಿ ಆ ಹತ್ತು ನಿಮಿಷಕ್ಕೆ ದುಡ್ಡು ಕಡಿಯಬೇಡಿ ಅಂತ ಮಾಲೀಕರಿಗೆ ಹೇಳಿ. ಕೇಳಲಿಲ್ಲ ಅಂದರೆ ಮುಂದಿನ ತಿಂಗಳು ಮತ್ತೆ ಬರೆಯಿರಿ.